ಅಕ್ಕಯ್ಯ ಮಾಡಿದ ಹಾಗೆ

ಲಕ್ಕವಳ್ಳಿ ಕ್ಯಾಂಪ್
5-9-1977

ಯಗಟಿಯ ಅತ್ತಿಗೆಯವರಿಗೆ,

ಹುಲಿಯಮ್ಮನ ನಮಸ್ಕಾರ. ‘ನಾವು ಕ್ಷೇಮ’ ಎಂದು ಬರೆದೇ ಕಾಗದ ಶುರು ಮಾಡಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ನೀವೂ ಟೀಚರು, ಮಕ್ಕಳಿಗೆ ಹಾಗೇ ಕಲಿಸುತ್ತೀರಿ. ಆದರೆ ಈ ಸಲ ಸುಳ್ಳು ಬರೆಯಲು ಕೈ ಬರುತ್ತಿಲ್ಲ.

ನಿಮ್ಮ ತಮ್ಮ ಹೋದ ಗುರುವಾರ ನಿಮ್ಮ ಮನೆಯಿಂದ ವಾಪಸು ಬಂದರು. ಹನ್ನೊಂದು ದಿನ ಅಲ್ಲಿದ್ದು, ಕೆನ್ನೆ ತುಂಬಿಕೊಂಡು, ತಲೆಗೆ ನಿಮ್ಮ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಂಡು, ಹಬ್ಬಕ್ಕೆ ಹೋಗಿ ಬಂದವರ ಹಾಗೆ ಬಂದರು. ನಾನು ಮಾತ್ರ ಹನ್ನೊಂದು ದಿನದಲ್ಲಿ ಅರ್ಧವಾದೆ.

ಮದುವೆಯಾಗಿ ನಾಲ್ಕು ತಿಂಗಳಾಯಿತು. ಅವರಿಗೆ ಉಬ್ಬಸ ಇದೆ ಎಂಬುದು ನನಗೆ ಗೊತ್ತಾದದ್ದು ಅವರು ಹೊರಟ ಆ ಭಾನುವಾರ ಬೆಳಿಗ್ಗೆ. ಮೂರು ದಿನದಿಂದ ಸೋನೆ ಹಿಡಿದಿತ್ತು. ನಾನು ರೊಟ್ಟಿ ತಟ್ಟುತ್ತಿದ್ದೆ. ಗೋಡೆಗೆ ಕೈ ಕೊಟ್ಟು ನಿಂತರು. ಎದೆಯೊಳಗೆ ಸಿಳ್ಳೆ ಹೊಡೆದ ಹಾಗೆ ಸದ್ದು, ಕತ್ತಿನ ನರವೆಲ್ಲ ಎದ್ದು ನಿಂತಿವೆ. ‘ಏನಾಯ್ತ್ರೀ?’ ಅಂದರೆ ಬಂದ ಉತ್ತರ ಏನು ಗೊತ್ತೇ? ‘ಯಗಟಿಗ್ ಹೋಗ್ಬತ್ತೀನಿ, ಚೀಲ ಕೊಡು.’ ಉಸಿರು ಸಿಕ್ಕದ ಮನುಷ್ಯ ಹೆಂಡತಿಯ ಹತ್ತಿರ ನೀರು ಕೇಳಲಿಲ್ಲ, ಚೀಲ ಕೇಳಿದ. ತರೀಕೆರೆಗೆ ಒಂದು ಬಸ್ಸು, ಕಡೂರಿಗೆ ಇನ್ನೊಂದು, ಯಗಟಿಗೆ ಮತ್ತೊಂದು. ಅಷ್ಟು ದೂರ ಆ ಎದೆ ಹೊತ್ತುಕೊಂಡು ನಿಮ್ಮ ಹತ್ತಿರ ಬಂದರು. ನಾನು ಹಿಟ್ಟಿನ ಕೈಯಲ್ಲಿ ಬಾಗಿಲಲ್ಲಿ ನಿಂತಿದ್ದೆ.

ಮದುವೆ ಮಾತಿನ ದಿನ ಅಜ್ಜಂಪುರದ ನಮ್ಮ ಮನೆಯಲ್ಲಿ ಕೂತು ನೀವೇ ಹೇಳಿದಿರಿ: ಹುಡುಗ ಡ್ಯಾಮಿನಲ್ಲಿ ಗೇಟು ನೋಡಿಕೊಳ್ಳುತ್ತಾನೆ, ಗುಣವಂತ, ಬೀಡಿ ಕೂಡ ಮುಟ್ಟಲ್ಲ ಎಂದು. ಬೀಡಿ ಯಾಕೆ ಮುಟ್ಟಲ್ಲ ಎಂಬುದು ಈಗ ಗೊತ್ತಾಯಿತು.

ಆದದ್ದಾಯಿತು. ಕ್ಯಾಂಪಿನ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕೇಳಿದೆ. ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಬರುತ್ತದೆ ಹೋಗುತ್ತದೆ, ಬಂದ ಮೇಲೆ ಓಡಾಡಿದರೆ ಆಗದು, ಬರುವ ಮುಂಚೆಯೇ ಸಿದ್ಧವಾಗಿರಬೇಕು ಎಂದರು. ಒಕ್ಕಣೆಯ ದೂಳಿಗೆ, ಚಳಿಗೆ ಮತ್ತೆ ಬರುತ್ತದಂತೆ. ಅಷ್ಟರೊಳಗೆ ನಾನು ಕಲಿಯಬೇಕು. ಉಬ್ಬಸ ಬಂದಾಗ ನೀವು ಏನೇನು ಮಾಡುತ್ತೀರಿ, ಒಂದೂ ಬಿಡದೆ ಬರೆದು ತಿಳಿಸಿ. ಇನ್ನೊಂದು ಸಲ ಅವರು ನನ್ನ ಹತ್ತಿರ ಚೀಲ ಕೇಳಬಾರದು.

ಹುಲಿಯಮ್ಮ


ಯಗಟಿ
28-9-1977

ಹುಲಿಯಮ್ಮನಿಗೆ ಉಚ್ಚಂಗಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ ಎಂದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ನಾಲ್ಕು ಸಲ ಓದಿ ನಾಲ್ಕು ಸಲವೂ ಮಡಚಿಟ್ಟೆ. ಸಾರಿಗೆ ಹುಳಿ ಎಷ್ಟು ಹಾಕಲಿ ಅನ್ನುವ ಹಾಗೆ ಕೇಳಿದ್ದೀಯ.

ನಮ್ಮವ್ವ ಸತ್ತಾಗ ಉಗ್ರಿಗೆ ಆರು ವರ್ಷ, ನನಗೆ ಹದಿನೈದು. ಆ ವರ್ಷವೇ ಅವನಿಗೆ ಉಬ್ಬಸ ಶುರುವಾಯಿತು. ಆಮೇಲೆ ನನ್ನನ್ನು ಪಂಚನಹಳ್ಳಿಗೆ ಕೊಟ್ಟರು. ಕಾಯಿಲೆ ಬಂದಾಗಲೆಲ್ಲ ನಮ್ಮಪ್ಪ ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ನನ್ನ ಗಂಡನ ಮನೆ ಬಾಗಿಲಿಗೇ ತರುತ್ತಿದ್ದ. ಒಂದೂವರೆ ವರ್ಷಕ್ಕೆ ಗಂಡ ತೀರಿಕೊಂಡು ನಾನು ತಿರುಗಿ ಬಂದಾಗ ಇಡೀ ಕೇರಿ ಅತ್ತಿತು. ಉಗ್ರಿ ಒಬ್ಬ ನಕ್ಕ. ‘ಅಕ್ಕಯ್ಯ ಬಂತು, ಇನ್ನ್ ಹೋಗಲ್ಲ’ ಅಂತ ಕುಣಿದ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಆವತ್ತು ನನ್ನನ್ನು ಕಂಡು ಸಂತೋಷಪಟ್ಟವನು ಅವನೊಬ್ಬನೇ.

ಮುಚ್ಚಿಟ್ಟೆವು ಎಂದು ಚುಚ್ಚಿದ್ದೀಯ. ಹೌದು, ಮುಚ್ಚಿಟ್ಟೆ. ಉಬ್ಬಸದವನು ಎಂದಿದ್ದರೆ ನಿಮ್ಮಪ್ಪ ಹೆಣ್ಣು ಕೊಡುತ್ತಿದ್ದರೇ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದು ಸುಳ್ಳೂ ಹೇಳಲಿಲ್ಲ, ಬಾಯಿ ಮುಚ್ಚಿಕೊಂಡಿದ್ದೆ ಅಷ್ಟೆ.

ಬರೆದುಕೋ. ಕಂಬಳಿ ಬೇಡ, ಕುರಿಯ ಕೂದಲು ಅವನಿಗೆ ಆಗುವುದಿಲ್ಲ. ನಮ್ಮೂರಲ್ಲಿ ಮನುಷ್ಯರಿಗಿಂತ ಕುರಿ ಜಾಸ್ತಿ, ಆದರೂ ನನ್ನ ಮನೆಯ ಮುಂದೆ ಒಂದು ಕುರಿ ಕಟ್ಟಗೊಡುವುದಿಲ್ಲ. ಹಾಸಿಗೆ ವಾರಕ್ಕೊಮ್ಮೆ ಬಿಸಿಲಿಗೆ. ಅವನು ಮನೆಯಲ್ಲಿದ್ದಾಗ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಬೇಡ, ಆ ಘಾಟು ಸಾಕು. ಊಟ ಹೊತ್ತು ಮುಳುಗುವ ಮುಂಚೆ. ಆಡುಸೋಗೆ ಸೊಪ್ಪು, ಕಾಳುಮೆಣಸು, ಶುಂಠಿಯ ಕಷಾಯ. ಎದೆಗೆ ಎಳ್ಳೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ತಿಕ್ಕಬೇಕು. ಅಷ್ಟೇ.

ಇಷ್ಟು ಮಾಡಿಯೂ ನಿನ್ನ ಕೈಯಲ್ಲಿ ಆಗದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬಸ್ಸಿದೆ. ನಾನಿದ್ದೇನೆ.

ಉಚ್ಚಂಗಮ್ಮ


ಲಕ್ಕವಳ್ಳಿ ಕ್ಯಾಂಪ್
2-12-1977

ಅತ್ತಿಗೆಯವರಿಗೆ,

ನೀವು ಬರೆದದ್ದನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದೆ. ಡಾಕ್ಟರು ಹೇಳಿದ್ದನ್ನು ಅದರ ಕೆಳಗೆ ಸೇರಿಸಿದೆ. ಮದುವೆಗೆ ಕೊಟ್ಟಿದ್ದ ಕಂಬಳಿ ತವರಿಗೆ ವಾಪಸು ಹೋಯಿತು. ಪಕ್ಕದ ಮನೆಯ ಮಾರಮ್ಮ ಮೀನು ಮಾರುವವಳು, ಗಟ್ಟಿ ಬಾಯಿ. ಅವಳ ಕೋಳಿಗೂಡು ನಮ್ಮ ಕಿಟಕಿಯ ಕೆಳಗೇ ಇತ್ತು. ಎರಡು ದಿನ ಜಗಳವಾಡಿ ಎತ್ತಿಸಿದೆ. ಆಡುಸೋಗೆಯ ಕೊಂಬೆ ತಂದು ಬಚ್ಚಲ ನೀರು ಹರಿಯುವಲ್ಲಿ ನೆಟ್ಟೆ, ಚಿಗುರಿತು. ಡಾಕ್ಟರು ಕೊಟ್ಟ ಗುಳಿಗೆಯನ್ನು ಮೂರು ಕಡೆ ಇಟ್ಟೆ: ಮನೆಯಲ್ಲಿ, ಗೇಟಿನ ಹತ್ತಿರದ ರೂಮಿನಲ್ಲಿ, ಅವರ ಅಂಗಿಯ ಜೇಬಿನಲ್ಲಿ. ಕಾಂಪೌಂಡರ್ ಈರಪ್ಪನವರು ಕರೆದ ತಕ್ಷಣ ಇಂಜೆಕ್ಷನ್ ಹಿಡಿದು ಬರುತ್ತೇನೆ ಎಂದು ಮಾತು ಕೊಟ್ಟರು. ತರೀಕೆರೆಯ ದೊಡ್ಡಾಸ್ಪತ್ರೆಗೆ ಹೋಗಬೇಕಾಗಿ ಬಂದರೆ ಎಂದು ಕ್ಯಾಂಪಿನ ಜೀಪು ಓಡಿಸುವ ಅಂಜಿನಪ್ಪನವರಿಗೂ ಹೇಳಿಟ್ಟೆ. ಒಂದು ದಿನ ಉಬ್ಬಸ ಬಂದಿದೆ ಎಂದುಕೊಂಡು, ಸುಮ್ಮಸುಮ್ಮನೆ, ಮನೆಯಿಂದ ಆಸ್ಪತ್ರೆಗೆ ಎಷ್ಟು ಹೊತ್ತು ಎಂದು ಸೆರಗು ಸಿಕ್ಕಿಸಿ ಓಡಿ ನೋಡಿದೆ. ನಲ್ಲಿಯ ಹತ್ತಿರ ನಿಂತಿದ್ದವರು ನನಗೆ ತಲೆ ಕೆಟ್ಟಿದೆ ಅಂದರು. ಅನ್ನಲಿ ಬಿಡಿ.

ಹೋದ ತಿಂಗಳು ಹದಿನೆಂಟಕ್ಕೆ ಬಂತು. ರಸ್ತೆಯ ಮೇಲೆ ಯಾರೋ ಭತ್ತದ ಹುಲ್ಲು ಹಾಸಿದ್ದರು, ಅದನ್ನು ತುಳಿದುಕೊಂಡು ಬಂದಿದ್ದರು. ನಾನು ಒಂದು ಚೂರೂ ಹೆದರಲಿಲ್ಲ. ಗುಳಿಗೆ, ಕಷಾಯ, ಎಣ್ಣೆ. ಈರಪ್ಪನವರು ಬಂದು ಇಂಜೆಕ್ಷನ್ ಹಾಕಿ, ‘ಇದು ಹಿಡಿಯಾಕೆ ಒಂದ್ ಗಳಿಗೆ ಬೇಕು ಕಣಮ್ಮ, ಅಲ್ಲಿಗಂಟ ಗಾಬ್ರಿ ಬೀಳ್ದಂಗೆ ನೋಡ್ಕೋ’ ಅಂದರು. ಆ ಒಂದು ಗಳಿಗೆಯಲ್ಲೇ ಎಲ್ಲ ಕೆಟ್ಟಿತು. ಇವರು ಗಾಬರಿಯಾಗಿ ನನ್ನ ಕೈ ತಳ್ಳಿದರು. ‘ಹಂಗಲ್ಲ ಕಣೇ... ಅಕ್ಕಯ್ಯ ಮಾಡ್ದಂಗೆ ಮಾಡು.’ ಅಕ್ಕಯ್ಯ ಹೆಂಗೆ ಮಾಡ್ತಾರೆ ಹೇಳ್ರೀ ಅಂದರೆ ಮುಖ ಆ ಕಡೆ ತಿರುಗಿಸಿದರು. ಸ್ವಲ್ಪ ಉಸಿರು ಬಂದದ್ದೇ ತಡ, ಚೀಲ.

ಹೋಗಿ ಹದಿನಾಲ್ಕು ದಿನವಾಯಿತು. ಇಲ್ಲಿ ಕೆಲಸ ಇನ್ನೂ ಖಾಯಂ ಆಗಿಲ್ಲ. ಹೀಗೆ ಹೇಳದೆ ಕೇಳದೆ ಹೋದರೆ ಆಗುವುದೂ ಇಲ್ಲ ಎಂದು ಮೇಲಿನವರು ಅಂದಿದ್ದಾರೆ.

ನೇರವಾಗಿ ಕೇಳುತ್ತೇನೆ ಅತ್ತಿಗೆ. ನೀವು ಬರೆಯದೆ ಬಿಟ್ಟದ್ದು ಏನು? ಏನೋ ಇದೆ. ನನ್ನ ಗಂಡನಿಗೆ ಬೇಕಾದದ್ದು ಒಂದು ನಿಮ್ಮ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಸವತಿಯಾಗಿದ್ದರೆ ಜುಟ್ಟು ಹಿಡಿಯಬಹುದಿತ್ತು. ಗಂಡನ ಅಕ್ಕನ ಜುಟ್ಟು ಹೇಗೆ ಹಿಡಿಯಲಿ?

ಹುಲಿಯಮ್ಮ


ಯಗಟಿ
9-12-1977

ಹುಲಿಯಮ್ಮನಿಗೆ,

ನಾನೇನೂ ಮಾಡುವುದಿಲ್ಲ. ಪಕ್ಕದಲ್ಲಿ ಕೂತಿರುತ್ತೇನೆ. ಚಿಕ್ಕಂದಿನ ಅಭ್ಯಾಸ, ಅವನಿಗೆ ನನ್ನ ಮುಖ ಕಂಡರೆ ಸಾಕು.

ಇಲ್ಲಿ ಆರಾಮವಾಗಿದ್ದಾನೆ. ನಿನ್ನೆ ಅವರೆಕಾಳು ಸಾರಿನಲ್ಲಿ ಎರಡು ಮುದ್ದೆ ಉಂಡ. ನಿನ್ನ ವಿಷಯ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನ ಕೈಯಲ್ಲಿ ಒಂದು ಬಾಟಲಿ ಎಣ್ಣೆ ಕಳಿಸುತ್ತೇನೆ. ನೀನು ಕಾಸುವ ಎಣ್ಣೆ ಸೀದ ವಾಸನೆ ಬರುತ್ತದಂತೆ.

ಉಚ್ಚಂಗಮ್ಮ


ಅಜ್ಜಂಪುರ
27-12-1977

ಅತ್ತಿಗೆಯವರಿಗೆ,

ಊರ ಹೆಸರು ನೋಡಿ ಆಶ್ಚರ್ಯವಾಗಿರಬೇಕು. ತವರಿಗೆ ಬಂದಿದ್ದೇನೆ. ನಿಮ್ಮ ತಮ್ಮ ಹದಿನಾಲ್ಕಕ್ಕೆ ಬಂದರು, ನಾನು ಹದಿನೈದಕ್ಕೆ ಹೊರಟೆ. ನಿಮ್ಮ ಎಣ್ಣೆಯನ್ನು ಮಾರಮ್ಮನ ಮಂಡಿನೋವಿಗೆ ಕೊಟ್ಟೆ, ಒಳ್ಳೆಯ ಗುಣ ಕೊಟ್ಟಿತಂತೆ.

ಹೊರಡುವ ಮುಂಚೆ ಅಂಜಿನಪ್ಪನವರು ಒಂದು ಮಾತು ಹೇಳಿದರು. ಇದನ್ನು ನಿಮ್ಮ ತಮ್ಮ ನಿಮಗೆ ಹೇಳಿದ್ದಾರೋ ಇಲ್ಲವೋ ಕಾಣೆ. ಹೋದ ತಿಂಗಳು ನಿಮ್ಮ ಹತ್ತಿರ ಬರುವಾಗ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಬಿದ್ದುಬಿಟ್ಟಿದ್ದರಂತೆ. ಮಾತಾಡಲು ಉಸಿರಿಲ್ಲ, ಕಣ್ಣು ಕೆಂಪು, ಕಾಲು ನಿಲ್ಲುತ್ತಿಲ್ಲ. ಜನ ಕುಡಿದವನು ಎಂದುಕೊಂಡು ತಲೆಗೆ ಒಂದು ಕೊಡ ತಣ್ಣೀರು ಸುರಿದರಂತೆ. ಉಬ್ಬಸದವನಿಗೆ, ಕಾರ್ತಿಕದ ಚಳಿಯಲ್ಲಿ! ತುಟಿ ನೀಲಿಯಾಗಿತ್ತಂತೆ. ಕಡೂರಿನ ಕಂಡಕ್ಟರ್ ಚಿಕ್ಕಬೀರಪ್ಪ ಗುರುತು ಹಿಡಿದು, ಎತ್ತಿ ಬಸ್ಸಿಗೆ ಹಾಕಿಕೊಂಡದ್ದಕ್ಕೆ ನಿಮ್ಮ ಮನೆ ಮುಟ್ಟಿದರು.

ನಮ್ಮವ್ವ ದಿನಾ ಹೇಳುತ್ತಾಳೆ, ‘ದಮ್ಮಿನೋನು, ಅಕ್ಕನ್ ಸೆರಗು ಬಿಡದೋನು. ಅವ್ನ್ನ ಅವ್ಳಿಗೇ ಬಿಟ್ಟು ಇಲ್ಲೇ ಇರೇ’ ಎಂದು. ನನಗೂ ಒಂದೊಂದು ಸಲ ಹಾಗೇ ಅನ್ನಿಸುತ್ತದೆ. ಮರುಗಳಿಗೆಗೆ, ಈಗ ಅವರ ಹಾಸಿಗೆ ಬಿಸಿಲಿಗೆ ಹಾಕುವವರು ಯಾರು ಎಂದು ನೆನೆಸಿಕೊಂಡು ಅಳು ಬರುತ್ತದೆ.

ಕಾಯಿಲೆ ಬಂದಾಗ ಅವರು ನಿಮ್ಮ ಹತ್ತಿರವೇ ಬರಲಿ ಎಂಬುದು ನಿಮ್ಮ ಆಸೆ. ಬರುತ್ತಾರೆ. ಒಂದು ಸಲ ದಾರಿಯಲ್ಲೇ ಉಳಿಯುತ್ತಾರೆ. ಆಗ ನಿಮಗೂ ಇಲ್ಲ, ನನಗೂ ಇಲ್ಲ. ಸಂಕ್ರಾಂತಿಯವರೆಗೆ ನಿಮ್ಮ ಕಾಗದಕ್ಕೆ ಕಾಯುತ್ತೇನೆ.

ಹುಲಿಯಮ್ಮ


ಯಗಟಿ
18-2-1978

ಹುಲಿಯಮ್ಮನಿಗೆ,

ನೀನು ಕೊಟ್ಟ ಗಡುವು ಮುಗಿದು ತಿಂಗಳಾಯಿತು. ನನ್ನ ಕಾಗದಕ್ಕೆ ಕಾಯದೆ ನೀನೇ ಲಕ್ಕವಳ್ಳಿಗೆ ವಾಪಸು ಹೋದೆ ಎಂದು ಚಿಕ್ಕಬೀರಪ್ಪ ಹೇಳಿದ. ಕೋಪ ಮಾಡಿಕೊಂಡು ಕೂತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹೋದೆಯಲ್ಲ, ಅದು ಇನ್ನೂ ಚುಚ್ಚಿತು.

ಬಸ್ ಸ್ಟ್ಯಾಂಡಿನ ಸಂಗತಿ ಉಗ್ರಿ ನನಗೆ ಹೇಳಿರಲಿಲ್ಲ. ಚಿಕ್ಕಬೀರಪ್ಪನನ್ನು ಹಿಡಿದು ಕೇಳಿದೆ, ನಿಜ ಅಂದ. ಅವತ್ತಿನಿಂದ ನನಗೆ ಸರಿಯಾಗಿ ಅನ್ನ ಸೇರುತ್ತಿಲ್ಲ. ಆದ್ದರಿಂದ ಹೇಳಿಬಿಡುತ್ತೇನೆ.

ಆರು ವರ್ಷದವನಿಗೆ ಮೊದಲ ಸಲ ಬಂದಾಗ ಮನೆಯಲ್ಲಿ ನಾನೊಬ್ಬಳೇ. ಮಲಗಿಸಿದರೆ ಒದ್ದಾಡುತ್ತಾನೆ, ಕೂರಿಸಿದರೆ ಬೀಳುತ್ತಾನೆ. ಒರಗಿಕೊಳ್ಳಲಿ ಎಂದು ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತೆ. ಮುಖ ಕಾಣುತ್ತಿರಲಿಲ್ಲವಲ್ಲ, ಎಲ್ಲಿ ಹೋಗಿಬಿಟ್ಟನೋ ಎಂದು ಹೆಸರು ಹಿಡಿದು ಕರೆದೆ. ಉಗ್ರಪ್ಪಾ ಎಂದು ಉದ್ದಕ್ಕೆ ಎಳೆದೆ. ಆ ಎಳೆತ ಮುಗಿಯುವವರೆಗೆ ಅವನು ಉಸಿರು ಹೊರಗೆ ಬಿಟ್ಟ. ಮತ್ತೆ ಕರೆದೆ, ಮತ್ತೆ ಬಿಟ್ಟ. ಉಬ್ಬಸದವರಿಗೆ ಉಸಿರು ಎಳೆಯುವುದಕ್ಕಿಂತ ಬಿಡುವುದೇ ಕಷ್ಟ ಎಂದು ಎಷ್ಟೋ ವರ್ಷದ ಮೇಲೆ ಕಡೂರಿನ ಒಬ್ಬ ಡಾಕ್ಟರು ಹೇಳಿದರು. ನನಗೆ ಅದು ಹದಿನೈದು ವರ್ಷಕ್ಕೇ ಗೊತ್ತಿತ್ತು. ಔಷಧಿ ಹಿಡಿಯುವವರೆಗೆ ನಾನು ಹಾಗೆ ಕರೆಯುತ್ತಿರುತ್ತೇನೆ, ಗಾಬರಿ ಇಳಿಯುತ್ತದೆ. ಮೀಸೆ ಬಂದ ಗಂಡಸು, ಹೆಂಡತಿಗೆ ಇದನ್ನು ಹೇಳಲು ನಾಚುತ್ತಾನೆ.

ಹೇಳಿದ್ದರಿಂದ ನನಗೇನೂ ನಷ್ಟವಿಲ್ಲ. ನೀನು ಇದನ್ನು ಮಾಡಲಾರೆ. ಮನೆ ತುಂಬಿಸಿಕೊಳ್ಳುವ ದಿನ ಹೊಸಿಲಲ್ಲಿ ಹೆಂಗಸರೆಲ್ಲ ಅಡ್ಡಗಟ್ಟಿ ಗಂಡನ ಹೆಸರು ಹೇಳು ಎಂದು ಪೀಡಿಸಿದರೆ, ‘ಭದ್ರೆ ನೀರು ಬಿಡೋರು’ ಎಂದು ಒಳಗೆ ಓಡಿದವಳು ನೀನು. ಇಷ್ಟು ಕಾಗದ ಬರೆದೆ, ಒಂದರಲ್ಲೂ ಅವನ ಹೆಸರಿಲ್ಲ, ಎಲ್ಲ ಕಡೆ ‘ಇವರು’, ‘ನಿಮ್ಮ ತಮ್ಮ’. ಗಂಡನ ಹೆಸರು ಕರೆದರೆ ಅವನ ಆಯುಸ್ಸು ಇಳಿಯುತ್ತದೆ ಎಂದು ನಿಮ್ಮವ್ವ ಹೇಳಿಕೊಟ್ಟಿರುತ್ತಾಳೆ. ನಮ್ಮವ್ವನೂ ನನಗೆ ಹೇಳಿದ್ದಳು. ನಾನು ಒಂದು ಸಲವೂ ಕರೆಯಲಿಲ್ಲ, ಆದರೂ ನನ್ನವರು ಉಳಿಯಲಿಲ್ಲ. ಆ ಮಾತು ಬೇರೆ.

ಇದನ್ನು ಬರೆಯುತ್ತಾ ಒಬ್ಬಳೇ ನಕ್ಕೆ ಕಣೇ. ನೀನು ಜೀಪು, ಇಂಜೆಕ್ಷನ್ನು ಎಲ್ಲ ಹೊಂದಿಸಿಕೊಂಡೆ. ಇದೊಂದು ನನ್ನ ಹತ್ತಿರವೇ ಉಳಿಯಿತು.

ಉಚ್ಚಂಗಮ್ಮ


ಲಕ್ಕವಳ್ಳಿ ಕ್ಯಾಂಪ್
10-8-1978

ಅತ್ತಿಗೆಯವರಿಗೆ,

ಆರು ತಿಂಗಳು ಬರೆಯಲಿಲ್ಲ. ನಿಮ್ಮ ನಗುವಿಗೆ ಉತ್ತರ ಕೊಟ್ಟೇ ಬರೆಯಬೇಕು ಎಂದುಕೊಂಡಿದ್ದೆ.

ಇವರು ಡ್ಯೂಟಿಗೆ ಹೋದಾಗ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಮೊದಲನೇ ಅಕ್ಷರ ಬರುತ್ತದೆ, ಆಮೇಲೆ ನಾಲಿಗೆ ಮರದ ತುಂಡು. ಕರೆಯುವುದು ಅವರ ಒಳ್ಳೆಯದಕ್ಕೇ ಎಂದು ಬುದ್ಧಿಗೆ ಗೊತ್ತು. ಆದರೆ ನನ್ನ ಬಾಯಿಂದಲೇ ಅವರ ಆಯುಸ್ಸು ಕಳೆದರೆ? ಆಗ ನೀವೇ ಬಂದು, ತಿಂದುಕೊಂಡೆಯಲ್ಲೇ ನನ್ನ ತಮ್ಮನನ್ನು ಅನ್ನುವುದಿಲ್ಲವೇ?

ಅದಕ್ಕೆ ಮಳೆಗಾಲಕ್ಕೆ ಮುಂಚೆಯೇ ಒಂದು ಏರ್ಪಾಟು ಮಾಡಿದೆ. ಬೆನ್ನು ಕೊಡುವುದು ನಾನು, ಹೆಸರು ಕರೆಯುವುದು ಮಾರಮ್ಮ. ಅವಳಿಗೆ ಒಂದು ಹಿಡಿ ಎಲೆಅಡಿಕೆ ಕೊಟ್ಟು, ಹೀಗೆ ಹೀಗೆ ಎಂದು ಹೇಳಿಕೊಟ್ಟೆ. ಜುಲೈ ಕೊನೆಗೆ ಉಬ್ಬಸ ಬಂತು. ಎಲ್ಲ ಸರಿಯಾಗಿ ನಡೆಯಿತು. ನಾನು ಬೆನ್ನು ಕೊಟ್ಟು ಕೂತೆ. ಮಾರಮ್ಮ ಎದುರಿಗೆ ಕುಕ್ಕರಗಾಲಲ್ಲಿ ಕೂತು ಬಾಯಿ ಬಿಟ್ಟಳು. ಅಯ್ಯೋ, ಏನು ಹೇಳಲಿ! ಮೂವತ್ತು ವರ್ಷ ಬೀದಿಯಲ್ಲಿ ಮೀನು ಕೂಗಿದ ಗಂಟಲು. ಅದೇ ರಾಗದಲ್ಲಿ ಇವರ ಹೆಸರು ಕೂಗಿದಳು. ಮೂರನೇ ಸಲಕ್ಕೆ ಹಿಂದಿನ ಬೀದಿಯಿಂದ ಯಾರೋ ‘ಏನ್ ಮೀನಮ್ಮೋ ಇವತ್ತು?’ ಅಂದರು. ಇವರಿಗೆ ಆ ಉಬ್ಬಸದಲ್ಲೂ ನಗು ಬಂತು. ನಕ್ಕು, ಕೆಮ್ಮಿ, ಕಣ್ಣು ಮೇಲಾಗಿ, ನಾನು ಹೋಯ್ತು ನನ್ನ ಗತಿ ಎಂದುಕೊಂಡೆ. ನಗುವಿಗೋ ಇಂಜೆಕ್ಷನ್ನಿಗೋ, ಒಂದು ತಾಸಿನಲ್ಲಿ ಇಳಿಯಿತು. ಚೀಲ ಕೇಳಲಿಲ್ಲ. ಕೇಳಲಿಲ್ಲ ಅತ್ತಿಗೆ!

ಆದರೆ ಈಗ ಹೊಸ ಪೀಡೆ ಶುರುವಾಗಿದೆ. ಮಾರಮ್ಮನಿಗೆ ರೂಢಿಯಾಗಿಬಿಟ್ಟಿದೆ. ನಲ್ಲಿಯ ಹತ್ತಿರ, ರೇಷನ್ ಅಂಗಡಿಯಲ್ಲಿ, ಎಲ್ಲಿ ಕಂಡರೂ ಹೆಸರು ಹಿಡಿದು, ‘ಹೆಂಗೈತಪ್ಪಾ ಎದೆ?’ ಅನ್ನುತ್ತಾಳೆ. ಇವರೂ ಹಲ್ಲು ಬಿಡುತ್ತಾರೆ. ನಾನು ಬಾಯಿಗೆ ತರಲಾರದ ಹೆಸರು ಆ ಮುದುಕಿಯ ಬಾಯಲ್ಲಿ ಎಲೆಅಡಿಕೆಯ ಜೊತೆ ಓಡಾಡುತ್ತದೆ. ನಿಮ್ಮ ಮೇಲಿದ್ದ ಹೊಟ್ಟೆಕಿಚ್ಚಿನಲ್ಲಿ ಅರ್ಧ ಈಗ ಅವಳಿಗೆ ಹೋಗಿದೆ. ಇನ್ನರ್ಧ ಹಾಗೇ ಇದೆ.

ಹುಲಿಯಮ್ಮ


ಯಗಟಿ
20-8-1978

ಹುಲಿಯಮ್ಮನಿಗೆ,

ನಿನ್ನ ಕಾಗದ ಶಾಲೆಯಲ್ಲೇ ಒಡೆದೆ. ನಾನು ನಗುವುದನ್ನು ನೋಡಿ ಮಲ್ಲಿಕಾಂಬ ಟೀಚರು, ಏನು ಉಚ್ಚಂಗಮ್ಮನೋರೆ, ತಮ್ಮನಿಗೆ ಮಗುವಾಯಿತೇ ಎಂದು ಕೇಳಿದರು. ಇಲ್ಲ, ಅವನನ್ನು ಮೀನಿನ ಜೊತೆ ಮಾರುತ್ತಿದ್ದಾರೆ ಎಂದೆ.

ಕರೆಸು, ಇಡೀ ಕ್ಯಾಂಪನ್ನೇ ಕೂರಿಸಿ ಹೆಸರು ಕರೆಸು. ಯಾರು ಕರೆದರೂ ಅದು ನನ್ನ ಧ್ವನಿಯಾಗುವುದಿಲ್ಲ.

ಈ ಮಳೆಗಾಲಕ್ಕೆ ಅವನು ಬರಲಿಲ್ಲ. ಹಾಸಿಗೆ ಒಗೆದು, ಕೋಣೆ ಸಾರಿಸಿ ಇಟ್ಟಿದ್ದೆ. ಉಬ್ಬಸ ಹೊತ್ತು ಬಸ್ಸಿನಲ್ಲಿ ಬರುವುದು ಬೇಡ ಎಂದು ನಾನೇ ದೇವರಲ್ಲಿ ಬೇಡಿಕೊಂಡಿದ್ದೆ, ಆದರೂ ಸಾಯಂಕಾಲದ ಬಸ್ಸಿನ ಸದ್ದಿಗೆ ಎದ್ದು ಬಾಗಿಲಿಗೆ ಹೋಗುತ್ತಿದ್ದೆ. ಆರಾಮವಾಗಿರುವಾಗ ಒಂದು ಸಲ ಕಳಿಸು.

ಉಚ್ಚಂಗಮ್ಮ


ಯಗಟಿ
14-1-1979

ಹುಲಿಯಮ್ಮನಿಗೆ,

ಈ ಕಾಗದ ನಿನಗೆ ಮಾತ್ರ. ಅವನಿಗೆ ಓದಿ ಹೇಳಬೇಡ.

ಮಂಗಳವಾರ ಚಿಕ್ಕಬೀರಪ್ಪ ಬಸ್ಸಿನಿಂದಲೇ ಕೂಗಿ ಹೇಳಿದ, ‘ಉಚ್ಚಂಗಕ್ಕ, ನಿನ್ ತಮ್ಮ ಮೂರ್ ದಿನದಿಂದ ಗೇಟಿನ್ ತಾವ್ ಬಂದಿಲ್ವಂತೆ, ದಮ್ಮು ಬೋ ಜೋರಾಗೈತಂತೆ’ ಎಂದು. ಬುಧವಾರ ಮೊದಲನೇ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಹೆದರಿಕೆ ಇತ್ತು. ಹೆದರಿಕೆಯ ಕೆಳಗೆ ಒಂದು ಹಿಗ್ಗೂ ಇತ್ತು. ಕೊನೆಗೂ ಅವರ ಕೈಯಲ್ಲಿ ಆಗಲಿಲ್ಲ, ನಾನೇ ಬೇಕಾಯಿತು ಎಂಬ ಹಿಗ್ಗು. ಕಡೂರು ದಾಟುವಾಗ ಸೆರಗು ಸರಿ ಮಾಡಿಕೊಂಡೆ, ಮದುವೆಗೆ ಹೋಗುವವಳ ಹಾಗೆ.

ನಿಮ್ಮ ಮನೆ ಮುಟ್ಟಿದಾಗ ಹನ್ನೊಂದು ಗಂಟೆ. ಮೆಟ್ಟಿಲು ಹತ್ತುವಾಗ ಒಳಗಿನಿಂದ ಅವನ ಎದೆಯ ಸಿಳ್ಳೆ ಮಾತ್ರ ಕೇಳುತ್ತಿತ್ತು. ಬಾಗಿಲು ತಟ್ಟಲು ಕೈ ಎತ್ತಿದೆ. ಅಷ್ಟರಲ್ಲಿ ಕೇಳಿತು.

‘ಉಗ್ರಪ್ಪಾ... ಬಿಡು ಉಸ್ರು. ಉಗ್ರಪ್ಪಾ... ಇನ್ನೂ ಬಿಡು.’

ಅದು ಯಾವ ಮಾರಮ್ಮನ ಗಂಟಲೂ ಅಲ್ಲ, ನಿನ್ನದು. ನಾನು ಎಳೆಯುವಷ್ಟೇ ಉದ್ದಕ್ಕೆ ಎಳೆಯುತ್ತಿದ್ದೆ. ಪ್ರತಿ ಸಲವೂ ಹಿಂದೆಯೇ ಅವನ ಉಸಿರು ಹೊರಗೆ ಬರುವುದು ಕೇಳುತ್ತಿತ್ತು. ನನ್ನ ಕೈ ಎತ್ತಿದ ಹಾಗೇ ಇತ್ತು.

ಮಧ್ಯದಲ್ಲಿ ಅವನಿಗೆ ಕೆಮ್ಮು ಬಂದು ಉಸಿರಿನ ಸದ್ದು ನಿಂತುಹೋಯಿತು. ನಿನ್ನ ಧ್ವನಿಯೂ ಒಡೆಯಿತು. ಆ ಹೊತ್ತಿಗೆ ನನ್ನ ಮನಸ್ಸಿಗೆ ಬಂದದ್ದನ್ನು ಬರೆಯುತ್ತೇನೆ. ಬರೆಯದಿದ್ದರೆ ನನಗೆ ನಿದ್ರೆಯಿಲ್ಲ. ಇವಳ ಕೈಯಲ್ಲಿ ಇದು ಕೆಡಲಿ ಎಂದುಕೊಂಡೆ. ಕೆಟ್ಟು, ಇವಳೇ ಬಾಗಿಲು ತೆಗೆದು, ಅತ್ತಿಗೇ ಎಂದು ನನ್ನ ಕಾಲ ಹತ್ತಿರ ಬಂದು ಅಳಲಿ ಎಂದುಕೊಂಡೆ. ಎರಡು ಉಸಿರಿನಷ್ಟು ಹೊತ್ತು. ಒಳಗೆ ನನ್ನ ತಮ್ಮ ಸಾಯುತ್ತಿರಬಹುದು, ಹೊರಗೆ ನಿಂತು ನಾನು ಅದನ್ನು ಬಯಸಿದೆ. ನಾನು, ಅವನನ್ನು ಸಾಕಿದವಳು.

ಆಮೇಲೆ ಅವನು ಉಸಿರು ಬಿಟ್ಟ. ನೀನು ಮತ್ತೆ ಕರೆದೆ. ನಾನು ಮೆಟ್ಟಿಲಿಳಿದು ಬಂದುಬಿಟ್ಟೆ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಹೋಗಲು ಬಿಟ್ಟು ಕೂತಿದ್ದೆ.

ಇನ್ನೊಂದು ತಪ್ಪೂ ಇದೆ, ಅದನ್ನೂ ಕೇಳಿಬಿಡು. ಹೋದ ವರ್ಷದ ಹಿಂದಿನ ಡಿಸೆಂಬರಿನಲ್ಲಿ ಅವನು ಇಲ್ಲಿದ್ದಾಗ ನಿನ್ನ ವಿಷಯ ಏನೂ ಹೇಳಲಿಲ್ಲ ಎಂದು ಬರೆದಿದ್ದೆ. ಬೆಳಗಾದರೆ ನಿನ್ನದೇ ಮಾತು. ‘ಬಾಗ್ಲಿಗೆ ಪಟ್ಟಿ ಅಂಟ್ಸವ್ಳೆ ಅಕ್ಕಯ್ಯ, ಆಸ್ಪತ್ರೆಗೆ ಓಡೋ ಪರೀಕ್ಷೆ ಮಾಡವ್ಳೆ, ನನಗೋಸ್ಕರ ಮಾರಮ್ಮನ್ ಜೊತೆ ಕೋಳಿಜಗಳ ಆಡವ್ಳೆ’ ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ. ಎಣ್ಣೆ ಸೀದ ವಾಸನೆ ಎಂದದ್ದು ಅವನಲ್ಲ, ನಾನು.

ಇನ್ನು ಅವನನ್ನು ನನ್ನ ಹತ್ತಿರ ಕಳಿಸಬೇಡ. ನಾನು ಎಂಥವಳು ಎಂದು ಗೊತ್ತಾದ ಮೇಲೆ ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂರಲಾರೆ.

ಉಚ್ಚಂಗಮ್ಮ


ಲಕ್ಕವಳ್ಳಿ ಕ್ಯಾಂಪ್
6-2-1979

ಅತ್ತಿಗೆ,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಇವರಿಗೆ ತೋರಿಸಿಲ್ಲ. ಇವರು ಈಗ ಚೆನ್ನಾಗಿದ್ದಾರೆ, ಡ್ಯೂಟಿಗೆ ಹೋಗುತ್ತಿದ್ದಾರೆ.

ನೀವು ಅಷ್ಟು ಬರೆದ ಮೇಲೆ ನಾನು ಒಳ್ಳೆಯವಳ ಹಾಗೆ ಸುಮ್ಮನಿರುವುದು ಸರಿಯಲ್ಲ. ಆವತ್ತು ನೀವು ಬಂದದ್ದು ನನಗೆ ಗೊತ್ತಿತ್ತು.

ಈರಪ್ಪನವರು ಎರಡನೇ ಇಂಜೆಕ್ಷನ್ ಹಾಕಿ, ಇದಕ್ಕೂ ಇಳಿಯದಿದ್ದರೆ ತರೀಕೆರೆಗೇ ಹೋಗಬೇಕು ಎಂದು ಅಂಜಿನಪ್ಪನವರ ಜೀಪು ತರಲು ಹೋಗಿದ್ದರು. ಜೀಪು ಕಾಲುವೆಯ ಕಡೆ ಹೋಗಿತ್ತು. ಮಾರಮ್ಮ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಬೆನ್ನು ಕೊಟ್ಟು ಕೂತಿದ್ದೆ, ಬಾಯಿ ಮಾತ್ರ ಬರುತ್ತಿರಲಿಲ್ಲ. ‘ರೀ, ರೀ’ ಎಂದು ಅತ್ತು ಅತ್ತು ಅದೂ ನಿಂತುಹೋಗಿತ್ತು. ಅವರ ಬೆನ್ನು ನನ್ನ ಬೆನ್ನಿನ ಮೇಲೆ ತಣ್ಣಗಾಗುತ್ತಿತ್ತು. ಆಗಲೂ, ಅಷ್ಟಾದರೂ, ನನ್ನ ಬಾಯಿಂದ ಆ ಹೆಸರು ಬರಲಿಲ್ಲ. ಇದನ್ನು ಯಾರ ಹತ್ತಿರವೂ ಹೇಳಿಲ್ಲ.

ಗಾಳಿಗೆ ಕಿಟಕಿ ತೆರೆದಿಟ್ಟಿದ್ದೆ. ನಾನು ಅದರ ಕಡೆ ಮುಖ ಮಾಡಿ ಕೂತಿದ್ದೆ. ನಿಮ್ಮ ಕೊಡೆ ಕಂಡಿತು, ಆಮೇಲೆ ನಿಮ್ಮ ಸೀರೆಯ ಹಸಿರು ಅಂಚು. ಬಂದರು ಎಂದು ಎದೆ ಹಗುರವಾಗಬೇಕಿತ್ತು. ಆಗಲಿಲ್ಲ. ಬಂದುಬಿಟ್ಟಳು, ಇನ್ನು ಬಾಗಿಲು ತಟ್ಟುತ್ತಾಳೆ, ನನ್ನನ್ನು ಎಬ್ಬಿಸಿ ಈ ಜಾಗದಲ್ಲಿ ಕೂರುತ್ತಾಳೆ ಎಂದು ಮೈಯೆಲ್ಲ ಉರಿದುಹೋಯಿತು. ಆ ಉರಿಗೆ ಬಾಯಿ ಬಿಟ್ಟಿತು. ಉಗ್ರಪ್ಪಾ ಎಂದು ಕರೆದೆ.

ಅವರು ಉಳಿಯಲಿ ಎಂದು ಕರೆಯಲಿಲ್ಲ ಅತ್ತಿಗೆ. ನಿಮಗೆ ಕೇಳಿಸಲಿ ಎಂದು ಕರೆದೆ.

ಜೀಪು ಬರುವಷ್ಟರಲ್ಲಿ ಇಳಿದಿತ್ತು. ‘ಯಾರೋ ಬಂದಂಗಾಯ್ತಲ್ಲೇ?’ ಎಂದು ಇವರು ಕೇಳಿದರು. ಯಾರೂ ಇಲ್ಲ ಎಂದೆ. ಇಷ್ಟು ದಿನವಾದರೂ ಅದನ್ನು ತಿದ್ದಿಲ್ಲ.

ಅದಾದ ಮೇಲೆ ಧೈರ್ಯ ಮಾಡಿ, ಅವರು ಚೆನ್ನಾಗಿರುವಾಗಲೇ ಒಂದು ದಿನ ಎದುರಿಗೆ ಕೂತು ಹೆಸರು ಕರೆಯಲು ನೋಡಿದೆ. ಬರಲಿಲ್ಲ. ಬಾಗಿಲ ಕಡೆ ನೋಡಿದೆ, ಅಲ್ಲಿ ಯಾರೂ ಇರಲಿಲ್ಲ.

ಮಳೆಗಾಲ ಹಿಡಿಯುವ ಮುಂಚೆ ಬಂದುಬಿಡಿ. ಬಂದು ಬಾಗಿಲಲ್ಲಿ ನಿಂತುಕೊಳ್ಳಿ. ನೀವು ಅಲ್ಲಿ ನಿಂತು ಉರಿದುಕೊಂಡರೇ ನನ್ನ ಬಾಯಿ ಬಿಡುವುದು.

ಹುಲಿಯಮ್ಮ